ಆಟಕ್ಕುಂಟು, ಲೆಕ್ಕಕ್ಕಿಲ್ಲ: ಬಾಲ್ಯದ ಸ್ವಾತಂತ್ರ್ಯದ ಒಂದು ಐತಿಹಾಸಿಕ ಪರಾಮರ್ಶೆ

ಇತಿಹಾಸವೆಂದೊಡನೆ ಅರಸರ ವಂಶಾವಳಿ, ಯುದ್ಧ, ಶಾಸನ, ದಾನದತ್ತಿಗಳು ನಮ್ಮ ಕಣ್ಣ ಮುಂದೆ ಬರುವುದು ಸಹಜ. ಆದರೆ ಎಂಟು ವರ್ಷದ ಮಗುವೊಂದು ಹಿರಿಯರ ಕಾವಲಿಲ್ಲದೆ ತನ್ನ ಮನೆಯಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೂ ಒಂದು ಇತಿಹಾಸವುಂಟು. ಆ ದೂರವು ಕಳೆದ ನಾಲ್ಕು ಪೀಳಿಗೆಗಳಲ್ಲಿ ಹೇಗೆ ಕುಗ್ಗಿತು, ಅದಕ್ಕೆ ಕಾರಣಗಳೇನು, ಅದನ್ನು ತಡೆಯಲು ಮನಸ್ಸು ಮಾಡಿದ ಸಮಾಜವು ಯಾವ ಮಾರ್ಗವನ್ನು ಹಿಡಿಯಿತು ಎಂಬುದನ್ನು ಪರಾಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿಷಯವು ಮಕ್ಕಳಾಟದ್ದಾದರೂ ಅದರ ಹೊಣೆ ಹಿರಿಯರದು. ಆದುದರಿಂದ ಇದು ನೀತಿಯ ಪ್ರಶ್ನೆಯೂ ಹೌದು.

ಬಯಲಿನಲ್ಲಿ ಆಡುವುದು ಬಾಲ್ಯದ ಸ್ವಭಾವವೆಂದೇ ನಮ್ಮ ಪೂರ್ವಸೂರಿಗಳು ಭಾವಿಸಿದ್ದರು. ಬಾಲಕ ವರ್ಧಮಾನನು ಅರಸುಮಕ್ಕಳೊಡನೆ ಉದ್ಯಾನದ ಮರವೊಂದರ ಮೇಲೆ ಆಡುತ್ತಿದ್ದ ಪ್ರಸಂಗವು ಗುಣಭದ್ರಾಚಾರ್ಯರ ‘ಉತ್ತರಪುರಾಣ’ವನ್ನು ಬಲ್ಲ ವಾಚಕರಿಗೆ ವಿದಿತವೇ ಆಗಿದೆ. ಸಂಗಮದೇವನು ಮಹಾಸರ್ಪದ ರೂಪದಿಂದ ಆ ಮರವನ್ನು ಸುತ್ತಿಕೊಂಡಾಗ ಜೊತೆಯ ಬಾಲಕರು ಕೊಂಬೆಗಳಿಂದ ಧುಮುಕಿ ಓಡಿದರು. ವರ್ಧಮಾನನು ಮಾತ್ರ ನಿರ್ಭಯನಾಗಿ ಸರ್ಪದೊಡನೆಯೇ ಕ್ರೀಡಿಸಿದನು. ಇದನ್ನು ನಾವು ವೀರತ್ವದ ನಿದರ್ಶನವಾಗಿ ಹೇಳುತ್ತ ಬಂದಿದ್ದೇವೆ. ಇತಿಹಾಸದ ದೃಷ್ಟಿಯಿಂದ ಇದರಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. 9ನೆಯ ಶತಮಾನದ ಕವಿಗಾಗಲಿ ಅವರ ಶ್ರೋತೃಗಳಿಗಾಗಲಿ ಅರಸುಮಕ್ಕಳು ಮರ ಹತ್ತಿ ಆಡುವುದು ಸೋಜಿಗವೆನಿಸಿರಲಿಲ್ಲ. ಸೋಜಿಗವಾದದ್ದು ಸರ್ಪ ಬಂದುದು. ನಮ್ಮ ಹಳ್ಳಿಗಳ ಮರಕೋತಿ ಆಟವೂ ಇದೇ ಜಾತಿಯದು.

ಈ ಲೇಖಕನು ಬೆಳೆದ ಪೇಟೆಬೀದಿಯಲ್ಲಿ 1960ರ ದಶಕದ ಕೊನೆಯ ವರ್ಷಗಳಲ್ಲಿ ಎತ್ತಿನಗಾಡಿಗಳು, ಬಾಡಿಗೆ ಸೈಕಲ್ಲುಗಳು, ಆಗೊಮ್ಮೆ ಈಗೊಮ್ಮೆ ಸರಕಿನ ಲಾರಿ ಇವಿಷ್ಟೇ ಓಡಾಡುತ್ತಿದ್ದವು. ಶಾಲೆ ಬಿಟ್ಟ ಮೇಲೆ ಬೀದಿಯು ಮಕ್ಕಳದು. ಬುಗುರಿ, ಗೋಲಿ, ಚಿಣ್ಣಿದಾಂಡು, ಲಗೋರಿ, ಕುಂಟೆಬಿಲ್ಲೆಗಳು ತಮ್ಮ ತಮ್ಮ ಕಾಲಕ್ಕೆ ಬಂದು ಹೋಗುತ್ತಿದ್ದವು. ನಿಯಮಗಳನ್ನು ಮಾಡುವವರೂ, ಮುರಿದವರನ್ನು ವಿಚಾರಿಸುವವರೂ, ರಾಜಿ ಮಾಡಿಸುವವರೂ ಮಕ್ಕಳೇ. ತಮ್ಮ ತಂಗಿಯರನ್ನು ಕರೆದುಕೊಂಡೇ ಆಡಬೇಕಾಗಿದ್ದುದರಿಂದ ತೀರ ಚಿಕ್ಕವರಿಗೆ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಪದವಿಯಿತ್ತು. ಆ ಮಗು ಎಲ್ಲರೊಡನೆ ಓಡಬಹುದು, ಚೆಂಡನ್ನು ಮುಟ್ಟಬಹುದು. ಆದರೆ ಔಟಾದರೆ ಯಾರೂ ಎಣಿಸುವುದಿಲ್ಲ. ದುರ್ಬಲನನ್ನು ಹೊರಗಿಡದೆ, ಅವನಿಂದ ಆಟವೂ ಕೆಡದಂತೆ ಮಕ್ಕಳು ತಾವಾಗಿ ಕಂಡುಕೊಂಡ ನ್ಯಾಯವಿದು.

ಹಾಗೆಂದು ಹಳೆಯದೆಲ್ಲವೂ ಒಳ್ಳೆಯದೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಆ ಸ್ವಾತಂತ್ರ್ಯವು ಸಮಾನವಾಗಿ ಹಂಚಿಕೆಯಾಗಿರಲಿಲ್ಲ. ಹೆಣ್ಣುಮಕ್ಕಳ ಆಟವು ಹತ್ತು ಹನ್ನೆರಡರ ವಯಸ್ಸಿಗೆ ಅಂಗಳದೊಳಕ್ಕೆ ಸರಿಯುತ್ತಿತ್ತು. ಬಡವರ ಮನೆಯ ಮಕ್ಕಳು ಬಯಲಿನಲ್ಲಿ ಇರುತ್ತಿದ್ದರೆಂಬುದು ನಿಜವಾದರೂ ಅನೇಕರ ಕೈಯಲ್ಲಿ ಇದ್ದದ್ದು ಬುಗುರಿಯಲ್ಲ, ದನ ಕಾಯುವ ಕೋಲು. ಬಾಲಕಾರ್ಮಿಕ ನಿಷೇಧ ಮತ್ತು ನಿಯಂತ್ರಣ ಕಾಯಿದೆಯು ಬಂದದ್ದು 1986ರಲ್ಲಿ. ಕೆರೆ ಬಾವಿಗಳಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳೂ ಇದ್ದವು. ಆದುದರಿಂದ ಗತಕಾಲವನ್ನು ವೈಭವೀಕರಿಸದೆ, ಬಂದುದೇನು ಹೋದುದೇನು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಯುಕ್ತ.

ಪ್ರತಿಯೊಂದು ಪೀಳಿಗೆಯೂ ತನ್ನ ಬಾಲ್ಯವನ್ನು ಹೊಗಳಿಕೊಳ್ಳುವುದರಿಂದ ಕೇವಲ ನೆನಪನ್ನು ನಂಬಿ ಇಂತಹ ಲೆಕ್ಕವನ್ನು ಬರೆಯಲಾಗದು. ಅಳತೆಯ ಆಧಾರಗಳು ಇಂಗ್ಲೆಂಡಿನಲ್ಲಿ ದೊರೆಯುತ್ತವೆ. 2007ರಲ್ಲಿ ವೈದ್ಯ ವಿಲಿಯಂ ಬರ್ಡ್ ಅವರ ವರದಿಯೊಡನೆ ಷೆಫೀಲ್ಡ್ ನಗರದ ಕುಟುಂಬವೊಂದರ ನಾಲ್ಕು ಪೀಳಿಗೆಗಳ ವೃತ್ತಾಂತ ಪ್ರಕಟವಾಯಿತು. ಮುತ್ತಜ್ಜನು ತನ್ನ ಎಂಟನೆಯ ವಯಸ್ಸಿನಲ್ಲಿ, ಅಂದರೆ 1926ರಲ್ಲಿ, ಆರು ಮೈಲಿ ದೂರದ ಮೀನು ಹಿಡಿಯುವ ತಾಣಕ್ಕೆ ಹಿರಿಯರ ಕಾವಲಿಲ್ಲದೆ ನಡೆದು ಹೋಗುತ್ತಿದ್ದನು. ಅಜ್ಜನಿಗೆ 1950ರಲ್ಲಿ ಒಂದು ಮೈಲಿ ದೂರದ ಕಾಡಿನವರೆಗೆ ಹೋಗುವ ಅನುಮತಿಯಿತ್ತು. ತಾಯಿಯು 1979ರಲ್ಲಿ ಅರ್ಧ ಮೈಲಿ ದೂರದ ಈಜುಕೊಳಕ್ಕೆ ಹೋಗಬಹುದಿತ್ತು. 2007ರಲ್ಲಿ ಎಂಟು ವರ್ಷದವನಾಗಿದ್ದ ಮಗನಿಗೆ ದೊರೆತದ್ದು 300 ಗಜ, ಅಂದರೆ ತನ್ನ ಬೀದಿಯ ಕೊನೆಯವರೆಗೆ ಮಾತ್ರ. ಎಂಬತ್ತು ವರ್ಷಗಳಲ್ಲಿ ಸುಮಾರು ಒಂಬತ್ತೂವರೆ ಕಿಲೋಮೀಟರು ಮುನ್ನೂರು ಮೀಟರಿಗಿಂತಲೂ ಕಡಿಮೆಯಾಯಿತು.

ಒಂದು ಕುಟುಂಬದ ಕಥೆಯಿಂದ ದೇಶದ ಸ್ಥಿತಿಯನ್ನು ನಿರ್ಣಯಿಸಲಾಗದೆಂಬ ಆಕ್ಷೇಪ ಸಾಧುವಾದುದು. ಆದರೆ ಮೇಯರ್ ಹಿಲ್‌ಮನ್, ಜಾನ್ ಆಡಮ್ಸ್, ಜಾನ್ ವೈಟ್‌ಲೆಗ್ ಎಂಬ ಮೂವರು ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನೇ ವಿಸ್ತಾರವಾಗಿ ತೋರಿಸಿಕೊಟ್ಟಿದೆ. ಇಂಗ್ಲೆಂಡಿನಲ್ಲಿ 1971ರಲ್ಲಿ ಏಳೆಂಟು ವರ್ಷದ ಮಕ್ಕಳ ಪೈಕಿ ಶೇಕಡ 80ರಷ್ಟು ಮಂದಿ ಹಿರಿಯರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರಲ್ಲಿ ಈ ಪ್ರಮಾಣ ಶೇಕಡ 9ಕ್ಕೆ ಇಳಿದಿತ್ತು. ಸೈಕಲ್ಲುಳ್ಳ ಮಕ್ಕಳಲ್ಲಿ ಮೊದಲು ಮೂರರಲ್ಲಿ ಎರಡು ಪಾಲು ಮಂದಿಗೆ ರಸ್ತೆಯಲ್ಲಿ ಓಡಿಸುವ ಅನುಮತಿಯಿದ್ದರೆ, ಎರಡು ದಶಕಗಳ ಬಳಿಕ ಅದು ಕಾಲು ಪಾಲಿಗೆ ಬಂದಿತ್ತು. ಹುಡುಗಿಯರಿಗೆ ಹುಡುಗರಿಗಿಂತ ಕಡಿಮೆ ಸ್ವಾತಂತ್ರ್ಯವೆಂಬುದು ಅಲ್ಲಿಯೂ ಕಂಡುಬಂದಿತು. ತಂದೆತಾಯಿಯರು ಹೇಳಿದ ಕಾರಣಗಳಲ್ಲಿ ಪ್ರಧಾನವಾದುದು ವಾಹನಗಳ ಭಯ.

ಈ ಅಧ್ಯಯನದ ಮುಖ್ಯ ಬೆಳಕು ಬೇರೊಂದೆಡೆ ಇದೆ. ಅದೇ ಎರಡು ದಶಕಗಳಲ್ಲಿ ಅಲ್ಲಿ ವಾಹನ ಸಂಚಾರವು ಬಹುಮಟ್ಟಿಗೆ ಹೆಚ್ಚಿದ್ದರೂ ರಸ್ತೆ ಅಪಘಾತಗಳಲ್ಲಿ ಮಡಿಯುವ ಮಕ್ಕಳ ಸಂಖ್ಯೆಯು ಸುಮಾರು ಅರ್ಧಕ್ಕೆ ಇಳಿದಿತ್ತು. ರಸ್ತೆಗಳು ಸುರಕ್ಷಿತವಾದವೆಂದು ಅಧಿಕಾರಿಗಳು ತೃಪ್ತಿಪಟ್ಟುಕೊಂಡರು. ಸಾವು ಕಡಿಮೆಯಾದದ್ದು ರಸ್ತೆ ಸೌಮ್ಯವಾದುದರಿಂದಲ್ಲ, ಮಕ್ಕಳನ್ನು ರಸ್ತೆಯಿಂದ ಹಿಂದಕ್ಕೆ ಕರೆದುಕೊಂಡುದರಿಂದ ಎಂಬುದು ಆ ವಿದ್ವಾಂಸರ ಪ್ರತಿಪಾದನೆ. ಆ ಗ್ರಂಥದ ಶೀರ್ಷಿಕೆಗೆ ‘ಒಂದು ತಪ್ಪು ಹೆಜ್ಜೆ’ ಎಂದು ಅರ್ಥ. ಮಕ್ಕಳನ್ನು ಎಚ್ಚರಿಸುವ ಸರ್ಕಾರಿ ಭಿತ್ತಿಪತ್ರದಿಂದ ಅದನ್ನು ಆರಿಸಿಕೊಳ್ಳಲಾಗಿತ್ತು. ಎಚ್ಚರಿಕೆಯು ಕಾಲ್ನಡಿಗೆಯ ಮಗುವಿಗೆ. ವಾಹನದ ವೇಗಕ್ಕೆ ಅಲ್ಲ.

ವ್ಯಾಪಾರ ನಡೆಸಿದವರಿಗೆ ಇದು ಸುಲಭವಾಗಿ ಅರ್ಥವಾಗುವ ಮಾತು. ಜಮೆಯ ಕಡೆಯಲ್ಲಿ ಉಳಿದ ಜೀವಗಳನ್ನು ಬರೆದು, ಖರ್ಚಿನ ಕಡೆಯಲ್ಲಿ ಏನನ್ನೂ ಬರೆಯದೆ ಆಖೈರು ಮಾಡಿದ ಖಾತೆಯನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರನು. ಉಳಿದ ಜೀವಗಳ ಬೆಲೆ ಅಪಾರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದಕ್ಕಾಗಿ ಒಂದು ಪೀಳಿಗೆಯ ಮಕ್ಕಳು ತಮ್ಮ ಬೀದಿ, ಗೆಳೆಯರು, ಸಂಜೆಗಳು, ತಾವೇ ದಾರಿ ಹುಡುಕಿಕೊಳ್ಳುವ ಬಲ ಇವುಗಳನ್ನು ತೆತ್ತರು. ಆ ವೆಚ್ಚವು ಯಾವ ಸರ್ಕಾರಿ ಅಂಕಿ ಅಂಶದಲ್ಲಿಯೂ ಕಾಣಿಸಲಿಲ್ಲ. ಹಿಂದೆ ಮಗುವಿಗೆ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಕರುಣೆಯಿತ್ತು. ಈಗ ಅದು ಅಪಘಾತದ ಲೆಕ್ಕಕ್ಕುಂಟು, ಆಟಕ್ಕಿಲ್ಲ ಎಂಬಂತಾಯಿತು.

ಬೀದಿಯಲ್ಲಿ ಅಪಾಯ ಹೆಚ್ಚಿದಾಗ ಸಮಾಜದ ಮುಂದೆ ಎರಡು ಮಾರ್ಗಗಳಿರುತ್ತವೆ: ಮಕ್ಕಳನ್ನು ಅಪಾಯದಿಂದ ದೂರ ಒಯ್ಯುವುದು, ಇಲ್ಲವೆ ಅಪಾಯವನ್ನು ಮಕ್ಕಳಿಂದ ದೂರ ಒಯ್ಯುವುದು. ಇಂಗ್ಲೆಂಡು 1938ರಲ್ಲಿ ಬೀದಿ ಆಟದ ಮೈದಾನಗಳ ಕಾಯಿದೆಯನ್ನು ಮಾಡಿ, ಕೆಲವು ಬೀದಿಗಳಲ್ಲಿ ವಾಹನ ಸಂಚಾರವನ್ನು ತಡೆದು ಮಕ್ಕಳಿಗೆ ಬಿಟ್ಟುಕೊಡಲು ಅವಕಾಶ ಕಲ್ಪಿಸಿತ್ತು. ಕಾರುಗಳು ಹೆಚ್ಚಿದಂತೆ ಆ ಪದ್ಧತಿ ಕ್ಷೀಣಿಸಿತು. ನೆದರ್ಲೆಂಡ್ಸ್ ದೇಶದ ವೃತ್ತಾಂತವು ಇದಕ್ಕಿಂತ ಭಿನ್ನವಾಗಿದೆ. ಅಲ್ಲಿ 1971ರಲ್ಲಿ ರಸ್ತೆ ಅಪಘಾತಗಳಿಂದ 3,000ಕ್ಕೂ ಹೆಚ್ಚು ಜನ ಮೃತರಾದರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ತನ್ನ ಮಗುವನ್ನು ಹೀಗೆ ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ‘ಮಕ್ಕಳ ಹತ್ಯೆಯನ್ನು ನಿಲ್ಲಿಸಿ’ ಎಂಬ ತಲೆಬರಹದಲ್ಲಿ ಲೇಖನ ಬರೆದನು. ಅದೇ ಹೆಸರಿನ ಚಳವಳಿ ಹುಟ್ಟಿತು. ತಂದೆತಾಯಿಯರು ಮಕ್ಕಳೊಡನೆ ಬೀದಿಗೆ ಇಳಿದರು. ‘ಎಚ್ಚರವಾಗಿರು’ ಎಂದು ಮಗುವಿಗೆ ಹೇಳುವ ಬದಲು ‘ನಿಧಾನವಾಗಿ ಹೋಗು’ ಎಂದು ವಾಹನಕ್ಕೆ ಹೇಳಬೇಕೆಂಬುದು ಅವರ ಆಗ್ರಹವಾಗಿತ್ತು.

ಆ ಕಾಲದಲ್ಲಿಯೇ ಡೆಲ್ಫ್ಟ್ ನಗರದಲ್ಲಿ ಹೊಸ ಬಗೆಯ ಬೀದಿಗಳು ರೂಪುಗೊಳ್ಳುತ್ತಿದ್ದವು. ‘ವೂನ್‌ಎರ್ಫ್’ ಎಂಬ ಅವುಗಳ ಹೆಸರನ್ನು ನಾವು ‘ವಾಸದ ಅಂಗಳ’ ಎನ್ನಬಹುದು. ಬೀದಿಯ ನೇರ ಓಟವನ್ನು ಗಿಡ, ಬೆಂಚು, ತಿರುವುಗಳಿಂದ ತಡೆಯಲಾಯಿತು. 1976ರಲ್ಲಿ ಇದಕ್ಕೆ ಕಾನೂನಿನ ಮಾನ್ಯತೆ ದೊರೆಯಿತು. ನಡೆಯುವವರು ಬೀದಿಯ ಇಡೀ ಅಗಲವನ್ನು ಬಳಸಬಹುದು, ಮಕ್ಕಳು ಅಲ್ಲಿ ಆಡಬಹುದು, ವಾಹನಗಳು ಮನುಷ್ಯ ನಡೆಯುವ ವೇಗದಲ್ಲಿಯೇ ಸಾಗಬೇಕು ಎಂಬುದು ಅದರ ನಿಯಮ. ಸೈಕಲ್ ಹಾದಿಗಳೂ, ಗಂಟೆಗೆ 30 ಕಿಲೋಮೀಟರು ಮಿತಿಯ ವಸತಿ ಪ್ರದೇಶಗಳೂ ಮುಂದೆ ಬಂದವು. 2010ರ ವೇಳೆಗೆ ಅಲ್ಲಿ ರಸ್ತೆಯಲ್ಲಿ ಮಡಿದ ಮಕ್ಕಳ ಸಂಖ್ಯೆ ವರ್ಷಕ್ಕೆ 20ಕ್ಕಿಂತ ಕೆಳಗೆ ಇಳಿದಿತ್ತು. ಅಲ್ಲಿನ ಮಕ್ಕಳು ಇಂದಿಗೂ ಸೈಕಲ್ಲೇರಿ ಶಾಲೆಗೆ ಹೋಗುತ್ತಾರೆ. ಜೀವವನ್ನೂ ಸ್ವಾತಂತ್ರ್ಯವನ್ನೂ ಒಟ್ಟಿಗೆ ಉಳಿಸುವುದು ಅಸಾಧ್ಯವಲ್ಲವೆಂಬುದಕ್ಕೆ ಇದು ಪ್ರಮಾಣ.

ಇನ್ನು ನಮ್ಮ ನಾಡಿನ ಸ್ಥಿತಿಯನ್ನು ಅವಲೋಕಿಸೋಣ. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಜಿಲ್ಲಾ ಕೇಂದ್ರಗಳ ಪೇಟೆಬೀದಿಗಳು ವಾಹನ ನಿಲ್ಲಿಸುವ ತಾಣಗಳಾಗಿವೆ. ಸಂಜೆ ಬೀದಿಯಲ್ಲಿರಬೇಕಾದ ಮಗು ಮನೆಪಾಠದಲ್ಲಿರುತ್ತದೆ, ಇಲ್ಲವೆ ಮೊಬೈಲಿನ ಮುಂದೆ ಕುಳಿತಿರುತ್ತದೆ. ಮೊಬೈಲನ್ನು ದೂಷಿಸುವುದು ಸುಲಭ. ಆದರೆ ಬೀದಿಯನ್ನು ಕಿತ್ತುಕೊಂಡ ಮೇಲೆ ಮಗುವಿಗೆ ಉಳಿದ ಬಯಲು ಅದೊಂದೇ ಎಂಬುದನ್ನು ಮರೆಯಲಾಗದು.

ಕಾನೂನು ನಮ್ಮಲ್ಲಿಯೂ ಸುಮ್ಮನಿಲ್ಲ. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗಾಗಿ 1985ರಲ್ಲಿ ಪ್ರತ್ಯೇಕ ಕಾಯಿದೆ ರಚಿತವಾಯಿತು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಸಾರ್ವಜನಿಕ ಉದ್ಯಾನಕ್ಕೆಂದು ಮೀಸಲಾಗಿದ್ದ ನೆಲವನ್ನು ಆಸ್ಪತ್ರೆ ಕಟ್ಟಲು ಖಾಸಗಿ ಸಂಸ್ಥೆಗೆ ನೀಡಿದಾಗ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತಿತು. ಆಸ್ಪತ್ರೆಯಂತಹ ಒಳ್ಳೆಯ ಉದ್ದೇಶಕ್ಕಾದರೂ ಬಯಲನ್ನು ಕಬಳಿಸಲಾಗದೆಂಬ ಆ ನಿಲುವು ಮನನೀಯವಾದುದು. ಮಕ್ಕಳ ಆಟವನ್ನು ಹಕ್ಕೆಂದು ಸಾರಿದ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತವು 1992ರಲ್ಲಿ ಸೇರಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಗೆ ಆಟದ ಮೈದಾನವಿರಬೇಕೆಂದು ವಿಧಿಸಿದೆ. ಇವೆಲ್ಲವೂ ಮೈದಾನವನ್ನು ಕಾಯುತ್ತವೆ. ಆದರೆ ಮೈದಾನಕ್ಕೆ ಹೋಗುವ ದಾರಿಯನ್ನು ಕಾಯುವುದಿಲ್ಲ. ದಾರಿ ದಾಟಲಾಗದ ಮಗುವಿಗೆ ಮೈದಾನವಿದ್ದೂ ಇಲ್ಲದಂತೆ.

ಇಲ್ಲಿ ಪ್ರಮಾದದ ವಿಚಾರ ಬರುತ್ತದೆ. ಹಿಂಸೆಗೆ ಮೂಲವು ಕೇವಲ ದ್ವೇಷವಲ್ಲ, ಅಜಾಗರೂಕತೆಯೂ ಹೌದೆಂದು ನಮ್ಮ ಆಚಾರ್ಯರು ಬೋಧಿಸಿದ್ದಾರೆ. ನಡೆಯುವಾಗ ನೊಗದಷ್ಟು ದೂರದ ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯು ಮುನಿಗಳಿಗೆ ವಿಹಿತವಾದುದು. ಅದರ ಆಶಯವಾದರೂ ಶ್ರಾವಕನಿಗೆ ಸಲ್ಲದೆಂದು ಯಾರೂ ಹೇಳಿಲ್ಲ. ಬರಿಗಾಲಿನಲ್ಲಿ ನಡೆಯುವವನಿಗೇ ಇಷ್ಟು ಎಚ್ಚರವೆಂದಮೇಲೆ, ಸಾವಿರ ಕಿಲೋಗ್ರಾಂ ತೂಕದ ಯಂತ್ರವನ್ನು ಬೀದಿಗೆ ತರುವವನಿಗೆ ಎಷ್ಟು ಎಚ್ಚರವಿರಬೇಕು? ವೇಗವು ಇಮ್ಮಡಿಯಾದರೆ ಢಿಕ್ಕಿಯ ಶಕ್ತಿ ನಾಲ್ಮಡಿಯಾಗುತ್ತದೆ. ಎಚ್ಚರದ ಹೊರೆಯು ಬಲಶಾಲಿಯ ಮೇಲಿರಬೇಕೇ ಹೊರತು ಎಂಟು ವರ್ಷದ ಮಗುವಿನ ಮೇಲಲ್ಲ.

ಆದುದರಿಂದ ಓದುಗ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಬಡಾವಣೆಯ ಸಂಘಗಳೂ ವರ್ತಕರ ಸಂಘಗಳೂ ಕೂಡಿ ವಾರದಲ್ಲಿ ಒಂದು ಸಂಜೆಯಾದರೂ ತಮ್ಮ ಬೀದಿಗೆ ವಾಹನ ಬಾರದಂತೆ ವ್ಯವಸ್ಥೆ ಮಾಡಲು ಪೊಲೀಸರನ್ನೂ ನಗರಸಭೆಯನ್ನೂ ಕೇಳಿಕೊಳ್ಳಲಿ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 2009ರಲ್ಲಿ ಇಬ್ಬರು ತಾಯಂದಿರು ತಮ್ಮ ಒಂದೇ ಬೀದಿಯಲ್ಲಿ ಹೀಗೆ ಆರಂಭಿಸಿದ ಪ್ರಯತ್ನವು ಮುಂದೆ ಅನೇಕ ಊರುಗಳಿಗೆ ಹಬ್ಬಿತು. ಸರಕಿನ ಲಾರಿಗಳು ಶಾಲೆ ಬಿಡುವ ಹೊತ್ತನ್ನು ಬಿಟ್ಟು ಬರುವಂತೆ ಪೇಟೆಯ ವರ್ತಕರು ನಿಯಮ ಮಾಡಿಕೊಳ್ಳಲಿ. ಅಂಗಡಿಯ ಗಲ್ಲೆಯ ಮೇಲೆ ಕುಳಿತವರು ಬೀದಿಯ ಮಕ್ಕಳ ಮೇಲೆ ಒಂದು ಕಣ್ಣಿಡಲಿ. ಹಿಂದೆ ಮಕ್ಕಳನ್ನು ಕಾದದ್ದು ತಂದೆತಾಯಿಯರ ಎರಡು ಕಣ್ಣುಗಳಲ್ಲ, ಬೀದಿಯ ನೂರು ಕಣ್ಣುಗಳು. ಆ ಹೊಣೆಯನ್ನು ಹಿರಿಯರು ಮತ್ತೆ ವಹಿಸಿಕೊಂಡ ದಿನ ಮಗುವಿನ ಕೈಯನ್ನು ಧೈರ್ಯವಾಗಿ ಬಿಡಬಹುದು.