ಸ್ಪ್ರಿಂಗ್ ಏರ್‌ಗನ್: 0.177 ತಗೊಳ್ಳೋದಾ, 0.22 ತಗೊಳ್ಳೋದಾ?

ಏರ್‌ಗನ್ ಕೊಳ್ಳೋ ಮುಂಚೆ ನಳಿಗೆಯ ಅಳತೆ ನೋಡಿ. 0.177 ಅಂದ್ರೆ 4.5 ಮಿ.ಮೀ., 0.22 ಅಂದ್ರೆ 5.5 ಮಿ.ಮೀ. ಸ್ಪ್ರಿಂಗ್ ಕೊಡುವ ಬಲಕ್ಕೆ ಮಿತಿ ಇದೆ. ಅದೇ ಬಲದಲ್ಲಿ 4.5ರ ಹಗುರ ಪೆಲೆಟ್ ವೇಗವಾಗಿ, ಹೆಚ್ಚುಕಡಿಮೆ ನೇರವಾಗಿ ಹೋಗುತ್ತೆ, 5.5ರದ್ದು ಭಾರ, ದೂರ ಹೋದಂತೆ ಬೇಗ ಕೆಳಗಿಳಿಯುತ್ತೆ, ಆದರೆ ಪೆಟ್ಟು ಜೋರು. ಗುರಿ ಅಭ್ಯಾಸಕ್ಕೆ 4.5 ಧಾರಾಳ ಸಾಕು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ಇದೇ ಅಳತೆಯಲ್ಲಿ (ಅದು ಸ್ಪ್ರಿಂಗ್ ಗನ್ ಅಲ್ಲ, ಆ ಮಾತು ಬೇರೆ).

‘ದೊಡ್ಡದೇ ಇರಲಿ’ ಅನ್ನೋರು ಗಮನಿಸಿ: 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆ 4.5 ಮಿ.ಮೀ. ಮೀರಿದರೆ, ಇಲ್ಲವೇ ಶಕ್ತಿ 20 ಜೌಲ್ ದಾಟಿದರೆ ಲೈಸೆನ್ಸ್ ಬೇಕು. ಬಿಲ್‌ನಲ್ಲಿ ಅಳತೆ ಬರೆಸಿಕೊಳ್ಳಿ. ತೆನೆ ತಿನ್ನೋ ನವಿಲಿಗೆ ಹೊಡೆದರಂತೂ ಅಳತೆ ಯಾವುದಾದರೂ ವನ್ಯಜೀವಿ ಕಾಯ್ದೆಯಡಿ ಅಪರಾಧ.