ಪತ್ತೇದಾರಿ ಬರೆದವರ ಇನ್ನೊಂದು ಕಸುಬು

ನವೆಂಬರ್ ಬಂತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಆಟೋ ನಿಲ್ದಾಣಗಳಲ್ಲೆಲ್ಲ ಹಳದಿ–ಕೆಂಪು ಬಾವುಟ ಹಾರುತ್ತದೆ. ಆ ಬಾವುಟ ಕೊಟ್ಟವರು ಮ. ರಾಮಮೂರ್ತಿ ಎಂಬುದು ಕನ್ನಡ ಸಂಘದವರಿಗೆಲ್ಲ ಗೊತ್ತು. ಅವರೇ ನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದವರು ಎಂದು ವೇದಿಕೆ ಮೇಲೆ ಯಾರಾದರೂ ಹೇಳಿದ್ದನ್ನು ಮಾತ್ರ, ಇಷ್ಟು ವರ್ಷ ರಾಜ್ಯೋತ್ಸವದ ಭಾಷಣ ವರದಿ ಮಾಡಿದರೂ, ನಾನು ಕೇಳಿಲ್ಲ. ಹೇಳಿದರೆ ಹೋರಾಟಗಾರರ ತೂಕ ಕಡಿಮೆಯಾಗುತ್ತದೆ ಅಂದುಕೊಂಡಿದ್ದಾರೋ ಏನೋ.

ರಾಮಮೂರ್ತಿ ನಂಜನಗೂಡಿನ ಕಡೆಯವರು. ತಂದೆ 'ವೀರಕೇಸರಿ' ಸೀತಾರಾಮ ಶಾಸ್ತ್ರಿಗಳೂ ಪತ್ರಕರ್ತರೇ. ಮಗ ಪತ್ರಿಕೆ ನಡೆಸಿದರು, ಬೆಂಗಳೂರಿನ ಬೀದಿಗಳಲ್ಲಿ ಕನ್ನಡಕ್ಕಾಗಿ ಮೆರವಣಿಗೆ ಮಾಡಿದರು, 'ಕನ್ನಡ ಪಕ್ಷ' ಕಟ್ಟಿದರು, ನಡುವೆ ಕೊಲೆ–ದರೋಡೆಯ ಕತೆ ಬರೆದರು. 1967ರ ಡಿಸೆಂಬರ್‌ನಲ್ಲಿ ತಮ್ಮ ಜಮೀನಿನಲ್ಲಿ ತೋಡಿಸುತ್ತಿದ್ದ ಬಾವಿ ಕುಸಿದು ಇಬ್ಬರು ಗಂಡುಮಕ್ಕಳ ಜತೆ ತೀರಿಕೊಂಡರು. ಕನ್ನಡ ಓದಿ ಎಂದು ಬೀದಿಯಲ್ಲಿ ಕೂಗುವ ಮನುಷ್ಯ, ಓದಲು ಕೈಗೆ ಏನು ಕೊಡಬೇಕು ಎಂಬುದನ್ನೂ ಯೋಚಿಸಿದ್ದರು ಎಂದು ನನಗೆ ಅನ್ನಿಸುತ್ತದೆ. ಆ ಎರಡು ಕೆಲಸಗಳು ಬೇರೆ ಬೇರೆಯಲ್ಲ.

ಕನ್ನಡದ ಪತ್ತೇದಾರಿ, ರೋಚಕ ಕಾದಂಬರಿಯ ಚರಿತ್ರೆ ತೆಗೆದರೆ ಬರೀ ಸಾಹಿತಿಗಳಾಗಿದ್ದವರು ಅಲ್ಲಿ ಕಡಿಮೆ. ಒಬ್ಬೊಬ್ಬರದೂ ಒಂದೊಂದು ಕಸುಬು. ಆ ಕಸುಬು ಯಾವುದು ಎನ್ನುವುದರ ಮೇಲೆ ಕತೆಯಲ್ಲಿ ಯಾವ ಅಪರಾಧ ಬರುತ್ತದೆ, ಯಾವುದು ಬರುವುದೇ ಇಲ್ಲ ಎನ್ನುವುದು ನಿಂತಿದೆ. ನನಗೆ ಮುಖ್ಯವಾಗಿ ಕಂಡಿದ್ದು ಈ ಎರಡನೆಯದು.

ಶುರುವಿನಲ್ಲೇ ಒಂದು ತಮಾಷೆ ಇದೆ. ಬಿ. ವೆಂಕಟಾಚಾರ್ಯರ ಹೆಸರಿನ 'ಬಿ' ಎಂದರೆ ಬಿಂಡಿಗನವಿಲೆ, ನಮ್ಮ ನಾಗಮಂಗಲ ತಾಲ್ಲೂಕಿನ ಊರು. ಅವರು ಹುಟ್ಟಿದ್ದು 1845ರಲ್ಲಿ, ಮಳವಳ್ಳಿಯ ಪಕ್ಕದ ಕೊಳ್ಳೇಗಾಲದಲ್ಲಿ. ಕೆಲಸ ನ್ಯಾಯಾಂಗ ಇಲಾಖೆಯಲ್ಲಿ. ಬಂಗಾಳಿ ಕಲಿತು ಬಂಕಿಮಚಂದ್ರರ 'ದುರ್ಗೇಶನಂದಿನಿ'ಯನ್ನು 1885ರಲ್ಲಿ ಕನ್ನಡಕ್ಕೆ ತಂದರು. ಮುಂದೇನಾಯಿತು ಎಂದು ಪುಟ ತಿರುಗಿಸುವ ಚಟವನ್ನು ಕನ್ನಡಿಗರಿಗೆ ಹತ್ತಿಸಿದವರಲ್ಲಿ ಅವರು ಮೊದಲಿಗರು. ಅದೇ ಕಾಲಕ್ಕೆ ಕರಾವಳಿಯಲ್ಲಿ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯಲ್ಲಿದ್ದರು. 1899ರಲ್ಲಿ ಅವರು ಬರೆದದ್ದು 'ಇಂದಿರಾಬಾಯಿ', ವಿಧವೆಯೊಬ್ಬಳ ಮರುಮದುವೆಯ ಕತೆ. ನೋಡಿ, ಕೋರ್ಟಿನವರು ಬಂಗಾಳದ ಪ್ರೇಮಕತೆ ತಂದರು, ಪೊಲೀಸಿನವರು ಸಮಾಜ ಸುಧಾರಣೆ ಬರೆದರು. ಕಡತ ಯಾರ ಮೇಜಿನ ಮೇಲಿತ್ತೋ ಅವರು ಕಳ್ಳನ ಕತೆ ಬರೆಯಲಿಲ್ಲ.

ಅದನ್ನು ಬರೆಯಲು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವರೊಬ್ಬರು ಬರಬೇಕಾಯಿತು.

ಎನ್. ನರಸಿಂಹಯ್ಯ 1925ರಲ್ಲಿ ಹುಟ್ಟಿದವರು, ಚಿಕ್ಕಮಗಳೂರಿನ ಕಡೆಯವರು. ಬಡತನದಲ್ಲಿ ಓದು ನಾಲ್ಕಕ್ಕೇ ನಿಂತಿತು. ಹೊಟ್ಟೆಪಾಡಿಗೆ ಸಿಕ್ಕ ಕೆಲಸ ಮಾಡಿದರು. 1952ರ ಹೊತ್ತಿಗೆ 'ಪತ್ತೇದಾರ ಪುರುಷೋತ್ತಮ'ನನ್ನು ಹುಟ್ಟಿಸಿದರು. ಆಮೇಲೆ ಮಧುಸೂದನ, ಅರಿಂಜಯ, ಗಾಳಿರಾಯ ಎಂಬ ಪತ್ತೇದಾರರು ಬಂದರು. 2011ರಲ್ಲಿ ಅವರು ತೀರಿಕೊಂಡಾಗ ಬರೆದ ಕಾದಂಬರಿಗಳ ಸಂಖ್ಯೆ 500 ದಾಟಿತ್ತು. ಐನೂರು! ನಾವು ತಿಂಗಳಿಗೆ ಮೂರು ವಿಶೇಷ ವರದಿ ಕಳಿಸಿ ಬೆನ್ನು ನೋವು ಅನ್ನುತ್ತೇವೆ.

ನರಸಿಂಹಯ್ಯನವರ ವಾಕ್ಯ ಗಿಡ್ಡ. ಸಂಸ್ಕೃತದ ಭಾರವಿಲ್ಲ. ಅಧ್ಯಾಯ ಮುಗಿಯುವಾಗ ಬಾಗಿಲು ಬಡಿಯುತ್ತದೆ, ಇಲ್ಲವೇ ದೀಪ ಆರುತ್ತದೆ. ವಿಮರ್ಶಕರು ಇದನ್ನು ಕೊರತೆ ಎಂದರು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಓದುಗ ಎಲ್ಲಿ ಎಡವುತ್ತಾನೆ ಎಂಬುದು ಅವರಿಗೆ ಸ್ವಂತ ಅನುಭವದಿಂದ ಗೊತ್ತಿತ್ತು, ಅಲ್ಲಿ ಕಲ್ಲು ಬಿಡಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ. ಅರವತ್ತೈದು ದಾಟಿದ, ಹೈಸ್ಕೂಲ್ ಮೆಟ್ಟಿಲು ಹತ್ತದ, ಆದರೂ ದಿನಾ ಪೇಪರ್ ಓದುವ ಯಾರನ್ನಾದರೂ ಮದ್ದೂರು ಬಸ್ ನಿಲ್ದಾಣದಲ್ಲಿ ಮಾತಾಡಿಸಿ ನೋಡಿ. ಸರಾಗವಾಗಿ ಓದಲು ಎಲ್ಲಿ ಕಲಿತಿರಿ ಎಂದರೆ ಮೇಷ್ಟರ ಹೆಸರು ಬರುವ ಮೊದಲು ಪುರುಷೋತ್ತಮನ ಹೆಸರು ಬಂದರೆ ಆಶ್ಚರ್ಯಪಡಬೇಡಿ. ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುವಾಗ, ಗದ್ದೆಗೆ ನಾಲೆ ನೀರು ಬರುವ ಸರದಿ ಕಾಯುವಾಗ ಓದುವುದಕ್ಕೆ ಇದ್ದದ್ದು ಇದು. ನಮ್ಮಂಥ ಊರುಗಳಲ್ಲಿ ಪತ್ರಿಕೆಗೆ ಓದುಗರು ತಯಾರಾದದ್ದು ಹೀಗೂ ಹೌದು. ನಮ್ಮ ಸಂಬಳದ, ಅಂದರೆ ನಮ್ಮ ಗೌರವಧನದ, ಒಂದು ಪಾಲು ನರಸಿಂಹಯ್ಯನವರಿಗೆ ಸಲ್ಲಬೇಕು.

ಟಿ.ಕೆ. ರಾಮರಾವ್ ಅವರನ್ನು ಇಲ್ಲಿ ಬಿಟ್ಟು ಹೋಗುವಂತಿಲ್ಲ. ಪತ್ತೇದಾರಿ ಬರೆಯುತ್ತಿದ್ದ ಅವರದೇ ಕಾದಂಬರಿ 'ಬಂಗಾರದ ಮನುಷ್ಯ'. 1972ರ ಸಿನಿಮಾದಲ್ಲಿ ರಾಜೀವಪ್ಪ ಬೇಸಾಯ ಹಿಡಿದದ್ದನ್ನು ನೋಡಿ ಕಣ್ಣೀರು ಹಾಕಿದ ಜಿಲ್ಲೆ ನಮ್ಮದು. ಕತೆಗಾರ ರೋಚಕ ಕಾದಂಬರಿಯ ಕಡೆಯಿಂದ ಬಂದವರೆಂದು ಟೆಂಟಿನಲ್ಲಿ ಕೂತವರಿಗೆ ಗೊತ್ತಿತ್ತೋ ಇಲ್ಲವೋ.

ಇದು ಕನ್ನಡದ ಮಾತಷ್ಟೇ ಅಲ್ಲ. ತಮಿಳಿನ ಸುಜಾತಾ ಎಂದರೆ ಎಸ್. ರಂಗರಾಜನ್. ಹೆಂಡತಿಯ ಹೆಸರಿನಲ್ಲಿ ಬರೆದರು. ಗಣೇಶ್–ವಸಂತ್ ಎಂಬ ಇಬ್ಬರು ವಕೀಲರ ಪತ್ತೇದಾರಿ ಕತೆಗಳಿಗೆ ತಮಿಳುನಾಡೇ ಕಾಯುತ್ತಿದ್ದ ಕಾಲದಲ್ಲಿ ಅವರು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಎಂಜಿನಿಯರ್. ವಿದ್ಯುನ್ಮಾನ ಮತಯಂತ್ರ ರೂಪಿಸಿದ ತಂಡದಲ್ಲಿದ್ದವರು. ಮಂಡ್ಯದ ಚುನಾವಣೆಯಲ್ಲಿ ನಾವು ಒತ್ತುವ ಗುಂಡಿಯ ಹಿಂದೆ ಒಬ್ಬ ಪತ್ತೇದಾರಿ ಲೇಖಕರ ಕೈಯಿದೆ. ಹಿಂದಿಯ ಸುರೇಂದ್ರ ಮೋಹನ್ ಪಾಠಕ್ ದೆಹಲಿಯಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ನೌಕರ. 'ತುಳಸಿದಳ' ಬರೆದು ಕನ್ನಡದ ಮನೆಮನೆಯಲ್ಲೂ ರಾತ್ರಿ ದೀಪ ಆರಿಸದಂತೆ ಮಾಡಿದ ತೆಲುಗಿನ ಯಂಡಮೂರಿ ವೀರೇಂದ್ರನಾಥ್ ಚಾರ್ಟರ್ಡ್ ಅಕೌಂಟೆಂಟ್. ದೂರದವರಲ್ಲಿ ಕಾನನ್ ಡಾಯ್ಲ್ ವೈದ್ಯ. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡಿದಾಕೆ, ಆಕೆಯ ಕತೆಗಳಲ್ಲಿ ವಿಷದ ಲೆಕ್ಕ ತಪ್ಪದಿರುವುದು ಅದಕ್ಕೇ. ಡ್ಯಾಶಿಯಲ್ ಹ್ಯಾಮೆಟ್ ಒಬ್ಬರೇ ನಿಜವಾಗಿ ಖಾಸಗಿ ಪತ್ತೇದಾರಿ ಸಂಸ್ಥೆಯಲ್ಲಿ ದುಡಿದವರು.

ಕಸುಬು ಕತೆಗೆ ಹೇಗೆ ಇಳಿಯುತ್ತದೆ ಎಂದು ನೋಡಬೇಕಾದರೆ ನಮ್ಮಲ್ಲೇ ಇಬ್ಬರಿದ್ದಾರೆ. ಒಬ್ಬರು ಪೂರ್ಣಚಂದ್ರ ತೇಜಸ್ವಿ. ಮೂಡಿಗೆರೆಯಲ್ಲಿ ತೋಟ ಮಾಡಿದವರು. 'ಚಿದಂಬರ ರಹಸ್ಯ' ಮತ್ತು 'ಜುಗಾರಿ ಕ್ರಾಸ್' ಎರಡರಲ್ಲೂ ಏಲಕ್ಕಿ ಇದೆ. ಏಲಕ್ಕಿ ಮೂಟೆ ಮಾರಿ, ಕೈಗೆ ಬಂದ ದುಡ್ಡನ್ನು ಮನೆ ಮುಟ್ಟಿಸುವ ತನಕ ಎದೆ ಹೊಡೆದುಕೊಳ್ಳುವುದು ಬೆಳೆಗಾರನಿಗೆ ಗೊತ್ತು. 'ಜುಗಾರಿ ಕ್ರಾಸ್'ನ ಭಯ ಹುಟ್ಟುವುದು ಅಲ್ಲಿಂದ. ತೇಜಸ್ವಿ ದೊಡ್ಡವರಾದ್ದರಿಂದ ಅದನ್ನು ಪತ್ತೇದಾರಿ ಅನ್ನಲು ಜನ ಹಿಂಜರಿಯುತ್ತಾರೆ, ಅಷ್ಟೇ.

ಇನ್ನೊಬ್ಬರು ಕೆ.ಎನ್. ಗಣೇಶಯ್ಯ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು, ಬೀಜದ ವಿಜ್ಞಾನಿ. ಅವರ 'ಕನಕ ಮುಸುಕು' ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ, ಮುಸುಕಿನ ಜೋಳದ ತೆನೆಯಂತೆ ಕಾಣುವ ವಸ್ತುವಿನ ಬೆನ್ನು ಹತ್ತುತ್ತದೆ. ಮಳವಳ್ಳಿಯಿಂದ ಬನ್ನೂರು ರಸ್ತೆ ಹಿಡಿದರೆ ಸೋಮನಾಥಪುರ ದೂರವಿಲ್ಲ. ಹೋಗಿ ಕೇಶವ ದೇವಾಲಯದ ಹೊರಗೋಡೆ ನೋಡಿ. ಸಾಲು ಸಾಲು ಕಾಳು ಕೂರಿಸಿದ ತೆನೆ ಹಿಡಿದ ಮೂರ್ತಿಗಳಿವೆ. ದೇವಾಲಯ ಪ್ರತಿಷ್ಠೆಯಾದದ್ದು 1258ರಲ್ಲಿ. ಜೋಳ ಅಮೆರಿಕದ ಬೆಳೆ, ಕೊಲಂಬಸ್ ಅಲ್ಲಿಗೆ ಹೋದದ್ದು 1492ರಲ್ಲಿ. ಹಾಗಾದರೆ ತೆನೆ ಇಲ್ಲಿಗೆ ಬಂದದ್ದು ಹೇಗೆ? ಕಾರ್ಲ್ ಜೋಹಾನೆಸೆನ್ ಮತ್ತು ಆನ್ ಪಾರ್ಕರ್ 1989ರಲ್ಲಿ ಅದು ಜೋಳವೇ ಎಂದು ಪ್ರಬಂಧ ಬರೆದರು. 1993ರಲ್ಲಿ ಅದೇ ಪತ್ರಿಕೆಯಲ್ಲಿ ಪಾಯಕ್ ಮತ್ತು ಸಚಾನ್ ಎಂಬ ಭಾರತದ ವಿಜ್ಞಾನಿಗಳು ಅಲ್ಲವೇ ಅಲ್ಲ ಎಂದರು. ಅದು ಮುತ್ತು ಜೋಡಿಸಿದ ಕಲ್ಪನೆಯ ಹಣ್ಣು, 'ಮುಕ್ತಾಫಲ' ಎಂಬುದು ಅವರ ವಾದ. ಇತಿಹಾಸಕಾರರಲ್ಲಿ ಹೆಚ್ಚಿನವರು ಜೋಳ ಎಂಬುದನ್ನು ಒಪ್ಪುವುದಿಲ್ಲ. ನನಗೂ ಮುಕ್ತಾಫಲವೇ ಸರಿ ಕಾಣುತ್ತದೆ. ಆದರೆ ಕಾದಂಬರಿಗೆ ತೀರ್ಪು ಬೇಡ, ಅನುಮಾನ ಸಾಕು. ಮಂಡ್ಯದ ವಿ.ಸಿ. ಫಾರಂನಲ್ಲಿ ಜೋಳದ ತಳಿ ನೋಡಿ ಬಂದ ರೈತನೂ ಆ ಮೂರ್ತಿಯ ಮುಂದೆ ನಿಂತರೆ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಾನೆ.

ಗಣೇಶಯ್ಯನವರು ಕಾದಂಬರಿಯ ಜೊತೆ ಆಕರ ಗ್ರಂಥಗಳ ಪಟ್ಟಿಯನ್ನೂ ಕೊಡುತ್ತಾರೆ. ಅದು ಪ್ರಯೋಗಾಲಯದ ಅಭ್ಯಾಸ. ಆದರೆ ಅವರ ಕಾದಂಬರಿಗಳಿಗಿಂತ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ್ದು ಅವರು ಸಹೋದ್ಯೋಗಿ ಆರ್. ಉಮಾಶಂಕರ್ ಜತೆ 1988ರಲ್ಲಿ ಪ್ರಕಟಿಸಿದ ಸಂಶೋಧನೆ. ಶಿಸ್ಸೂ ಎಂಬ, ನಮ್ಮ ಬೀಟೆಯ ಬಳಗದ ಮರವೊಂದಿದೆ. ಅದರ ಕಾಯಿಯಲ್ಲಿ ನಾಲ್ಕೈದು ಬೀಜ ಕಟ್ಟಲು ಶುರುವಾದರೂ ಸಾಮಾನ್ಯವಾಗಿ ಬಲಿಯುವುದು ಒಂದೇ. ಉಳಿದವನ್ನು ಯಾರು ಕೊಂದರು? ತಾಯಿಮರವೋ, ಒಡಹುಟ್ಟಿದ ಬೀಜವೋ? ಕಾಯಿಯ ತುದಿಯಲ್ಲಿ ಮೊದಲು ಬೆಳೆಯುವ ಬೀಜ ಬಿಡುವ ರಾಸಾಯನಿಕದಿಂದ ಉಳಿದವು ಸಾಯುತ್ತವೆ ಎಂದು ಅವರು ತೋರಿಸಿದರು. ಶವ ಇದೆ, ಶಂಕಿತರು ಇಬ್ಬರು, ವಿಷ ಸಿಕ್ಕಿತು. ಇದನ್ನು ಮಾಡಿದ ಮನುಷ್ಯ ಪತ್ತೇದಾರಿ ಬರೆಯದೆ ಇರಲು ಹೇಗೆ ಸಾಧ್ಯ?

ನಮ್ಮ ಜಿಲ್ಲೆಯಲ್ಲೂ ಬೇರೆ ಕಸುಬಿನಿಂದ ಬರವಣಿಗೆಗೆ ಬಂದವರಿಗೆ ಕೊರತೆಯಿಲ್ಲ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣ ವೈದ್ಯರು. ನಾಗಮಂಗಲದ ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿ. ಇಬ್ಬರೂ ಹಳ್ಳಿಯ ಒಳಗನ್ನು ಬಲ್ಲವರು. ಇಬ್ಬರೂ ಪತ್ತೇದಾರಿ ಕಡೆ ತಿರುಗಲಿಲ್ಲ. ಅಪರಾಧ ಉಳಿದದ್ದು ನಮ್ಮ ಪಾಲಿಗೆ, ಸಿಂಗಲ್ ಕಾಲಂ ಸುದ್ದಿಯಾಗಿ. 'ನಾಲೆಯಲ್ಲಿ ಅಪರಿಚಿತ ಶವ ಪತ್ತೆ' ಎಂಬ ತಲೆಬರಹವನ್ನು ನಾನು ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಬಿದ್ದದ್ದು ಒಂದು ಠಾಣೆಯ ಸರಹದ್ದಿನಲ್ಲಿ, ಹರಿದು ಬಂದು ಸಿಕ್ಕಿದ್ದು ಇನ್ನೊಂದರಲ್ಲಿ. ಎತ್ತರ, ಮೈಬಣ್ಣ, ಅಂಗಿಯ ಬಣ್ಣ, ಮಾಹಿತಿ ಇದ್ದವರು ಠಾಣೆ ಸಂಪರ್ಕಿಸಿ. ಆಮೇಲೆ ಏನಾಯಿತು ಎಂದು ಡೆಸ್ಕಿನವರೂ ಕೇಳುವುದಿಲ್ಲ.

ಹೀಗೆ ಬರೆಯದೆ ಉಳಿದ ಅಪರಾಧಗಳಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಒಂದಿದೆ. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹೆಣ್ಣು ಭ್ರೂಣಹತ್ಯೆಯ ಜಾಲವೊಂದನ್ನು ಬಯಲಿಗೆಳೆದರು. ತನಿಖೆ ಬಂದು ನಿಂತದ್ದು ನಮ್ಮ ಜಿಲ್ಲೆಯ ಒಂದು ಆಲೆಮನೆಯ ಮುಂದೆ. ಪೊಲೀಸರು ಹೇಳಿದಂತೆ, ಬೆಲ್ಲದ ಕೊಪ್ಪರಿಗೆಯ ಮರೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಲಿಂಗ ಪತ್ತೆ ಮಾಡುತ್ತಿದ್ದರು. ಪತ್ತೆ ಎಂಬ ಪದವೇ ಅಲ್ಲಿ ಕೊಲೆಯ ಮೊದಲ ಹೆಜ್ಜೆ.

ಆ ಕತೆಯನ್ನು ಪುರುಷೋತ್ತಮನ ಕೈಗೆ ಕೊಟ್ಟರೆ ಅವನು ಏನು ಮಾಡಿಯಾನು? ದೂರು ಕೊಡುವವರಿಲ್ಲ. ಕಾಣೆಯಾದವಳಿಗೆ ಹೆಸರೇ ಇಟ್ಟಿಲ್ಲ. ಶವ ಇಲ್ಲ. ಕರೆದುಕೊಂಡು ಹೋದದ್ದು ಮನೆಯವರೇ, ಬಸುರಿಯ ಒಪ್ಪಿಗೆಯನ್ನು ಯಾರೂ ಕೇಳದೆ ಇದ್ದಿರಬಹುದು. ಪಕ್ಕದ ಮನೆಯವರಿಗೆ ಗೊತ್ತು, ಬಾಯಿ ಬಿಡುವುದಿಲ್ಲ. ವಕೀಲರಿಗೆ ಈ ಕತೆಯ ಕೊನೆಯ ಅಧ್ಯಾಯ ಮಾತ್ರ ಗೊತ್ತಾಗುತ್ತದೆ, ಪೊಲೀಸರಿಗೆ ನಡುವಿನದು, ನಮಗೆ ಪತ್ರಿಕಾಗೋಷ್ಠಿಯಲ್ಲಿ ಓದಿದಷ್ಟು. ಮೊದಲ ಅಧ್ಯಾಯ ಇರುವುದು ಆಶಾ ಕಾರ್ಯಕರ್ತೆಯ ಬಳಿ. ಯಾವ ಮನೆಯಲ್ಲಿ ಎಷ್ಟನೇ ತಿಂಗಳು, ಮೊದಲ ಎರಡು ಹೆಣ್ಣೋ ಗಂಡೋ, ಯಾರು ನಾಲ್ಕನೇ ತಿಂಗಳಲ್ಲಿ ನೆಂಟರ ಮನೆಗೆಂದು ಹೋಗಿ ಬಂದು ತಾಯಿ ಕಾರ್ಡ್ ವಾಪಸ್ ಕೊಟ್ಟಳು, ಎಲ್ಲ ಅವಳ ರಿಜಿಸ್ಟರಿನಲ್ಲಿದೆ. ಅವಳು ಎಸ್ಸೆಸ್ಸೆಲ್ಸಿ ಓದಿರುತ್ತಾಳೆ, ನರಸಿಂಹಯ್ಯನವರಿಗಿಂತ ಆರು ತರಗತಿ ಜಾಸ್ತಿ.