ರಂಜಕದ ಭರಣಿಯಲ್ಲಿ ಸಾವಿರ ವರ್ಷ

ದೀಪಾವಳಿ ಮುಗಿದು ಕಾರ್ತೀಕ ಮಾಸ ಕಾಲಿಟ್ಟಿತೆಂದರೆ ಕುಂದಗೋಳ ತಾಲ್ಲೂಕಿನ ಗುಡಗೇರಿಯ ಸುತ್ತಲಿನ ಎರೆಹೊಲಗಳ ಬಣ್ಣ ಬದಲಾಗತೊಡಗುತ್ತದೆ. ಸೊಂಟದೆತ್ತರದ ಹಸಿರು ಗಿಡಗಳ ನಡುವೆ ಅಲ್ಲೊಂದು ಇಲ್ಲೊಂದು ಕೆಂಪು ಕಾಣಿಸಿಕೊಂಡು, ದಿನ ಕಳೆದಂತೆ ಹೊಲವೇ ಕೆಂಪಾಗುತ್ತದೆ. ಹೀಗೆ ಗಿಡದಲ್ಲೇ ಮಾಗಿದ ಮೆಣಸಿನಕಾಯಿಗೆ ಈ ಭಾಗದ ಜನ ‘ಹಣ್ಣು ಮೆಣಸಿನಕಾಯಿ’ ಎನ್ನುತ್ತಾರೆ. ಒಂದೇ ಹೆಸರಿನಲ್ಲಿ ಹಣ್ಣೂ ಇದೆ, ಕಾಯಿಯೂ ಇದೆ. ಅಷ್ಟು ಸಾಲದೆಂಬಂತೆ, ಇದಕ್ಕೆ ಸಂಬಂಧವೇ ಇಲ್ಲದ ಮೆಣಸಿನ ಬಳ್ಳಿಯ ಹೆಸರೂ ಸೇರಿಕೊಂಡಿದೆ. ಇಷ್ಟೊಂದು ಗೊಂದಲದ ಹೆಸರು ಹೊತ್ತ ಈ ಹಣ್ಣು ನಮ್ಮ ಅಡುಗೆಮನೆಗೆ ಬಂದದ್ದು ಹೇಗೆ? ಬಂದದ್ದನ್ನು ನಮ್ಮವರು ಉಳಿಸಿಕೊಂಡದ್ದು ಹೇಗೆ?

ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಕುಳಿತಿರುವ ಭರಣಿಯನ್ನು ನೋಡಿದರೆ ಸಾಕು.

ಶರತ್ಕಾಲದ ಹಿತ್ತಲು

ಉಳಿದ ನಾಡಿಗೆ ಉಪ್ಪಿನಕಾಯಿಯ ಕಾಲವೆಂದರೆ ಬೇಸಿಗೆ, ಮಾವಿನ ಮಿಡಿಯ ಕಾಲ. ಆದರೆ ಧಾರವಾಡ ಸೀಮೆಯ ಬಯಲು ಭಾಗಕ್ಕೆ ಇನ್ನೊಂದು ಕಾಲವೂ ಇದೆ. ಅದು ಸೀಗೆ ಹುಣ್ಣಿಮೆಯಿಂದ ಎಳ್ಳಮಾವಾಸ್ಯೆಯವರೆಗಿನದು. ಮಳೆಗಾಲದ ಮೋಡ ಸರಿದು, ಬಿಸಿಲು ಚುರುಕಾಗಿ, ಗಾಳಿಯ ತೇವ ಇಳಿಯುವ ಹೊತ್ತು. ಹಿತ್ತಲಲ್ಲಿ ಬಚ್ಚಲ ನೀರು ಕುಡಿದು ಬೆಳೆದ ಲಿಂಬಿ ಗಿಡದಲ್ಲಿ ಹಣ್ಣು ಹಳದಿಗೆ ತಿರುಗುತ್ತದೆ. ನೆಲ್ಲಿಯ ಕೊಂಬೆ ಕಾಯಿಯ ಭಾರಕ್ಕೆ ಬಾಗುತ್ತದೆ. ಹುಣಸೆಯ ಮರದಲ್ಲಿ ಇನ್ನೂ ಹಸಿರಾಗಿರುವ ಕಾಯಿ ಜೋಲಾಡುತ್ತದೆ.

ಈ ಋತುಮಾನವನ್ನು ನೆನಪಿಡಲು ಹಬ್ಬವೇ ಪಂಚಾಂಗ. ಕಾರ್ತೀಕ ಶುದ್ಧ ದ್ವಾದಶಿಯಂದು ತುಳಸಿಯ ಲಗ್ನ ಮಾಡುವಾಗ ತುಳಸಿಕಟ್ಟೆಯಲ್ಲಿ ಕಾಯಿ ಸಮೇತ ನೆಲ್ಲಿಯ ಟೊಂಗೆಯನ್ನೂ ಹುಣಸೆಯ ಟೊಂಗೆಯನ್ನೂ ನೆಡುತ್ತಾರೆ. ದೇವರಿಗೆ ಒಪ್ಪಿಸಿದ ಮೇಲೆ ಮನೆಯವರಿಗೆ. ನೆಲ್ಲಿಕಾಯಿ ಉಪ್ಪು ಸೇರಿ ಭರಣಿ ಸೇರುತ್ತದೆ, ಇಲ್ಲವೇ ಜಜ್ಜಿ ತಟ್ಟಿ ಬಿಸಿಲಿಗೆ ಒಣಗಿಸಿದ ನೆಲ್ಲಿಚೆಟ್ಟು ಆಗುತ್ತದೆ. ಎಳೆಯ ಹುಣಸೆಕಾಯಿ ಮೆಂತ್ಯ, ಮೆಣಸಿನಕಾಯಿ, ಉಪ್ಪಿನೊಡನೆ ಒರಳಿಗೆ ಬಿದ್ದು ತೊಕ್ಕು ಆಗುತ್ತದೆ. ಲಿಂಬಿಕಾಯಿ ವರ್ಷಗಟ್ಟಲೆ ಕಪ್ಪಗೆ ಮಾಗಿ, ಜ್ವರ ಬಿಟ್ಟವರ ಬಾಯಿಗೆ ರುಚಿ ತರುವ ಔಷಧವಾಗಿ ಕಾಯುತ್ತದೆ. ಇವೆಲ್ಲದರ ಕೊನೆಗೆ ಬರುವುದು ಹಣ್ಣು ಮೆಣಸಿನಕಾಯಿಯ ರಂಜಕ.

ರಂಜಕ ಎಂಬ ಮಾತಿಗೆ ಬಣ್ಣ ಕೊಡುವುದು, ಹಿತವೆನಿಸುವುದು ಎಂಬ ಅರ್ಥಗಳಿವೆ. ತುಪಾಕಿ, ತೋಫುಗಳ ಕಾಲದಲ್ಲಿ ಬೆಂಕಿ ಹತ್ತಿಸುವ ಕಿವಿಯ ಮದ್ದಿಗೂ ರಂಜಕವೆಂದೇ ಹೆಸರಿತ್ತು. ಜೋಳದ ರೊಟ್ಟಿಯೊಡನೆ ಮೊದಲ ತುತ್ತು ತಿಂದವರಿಗೆ ಎರಡೂ ಅರ್ಥ ಸರಿಯೆನಿಸೀತು.

ಮೆಣಸಿನಕಾಯಿ ಇಲ್ಲದ ಗುಡಗೇರಿ

ಗುಡಗೇರಿ ಹಳೆಯ ಊರು. ಹೆಸರಿನ ಕೊನೆಯಲ್ಲಿ ಕೆರೆಯನ್ನು ಉಳಿಸಿಕೊಂಡಿರುವ ಈ ಊರು ‘ಗುಡಿಗೆರೆ’ಯಾಗಿ ಕಲ್ಯಾಣ ಚಾಲುಕ್ಯರ ಕಾಲದ ಶಾಸನದಲ್ಲೇ ಬರುತ್ತದೆ. ಶಕ ವರ್ಷ 998ರ, ಅಂದರೆ 1076ರ ಸುಮಾರಿನ ಆ ಜೈನ ಶಾಸನವು ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ಆನೆಸೆಜ್ಜೆ ಬಸದಿಗೆ ಸಂಬಂಧಿಸಿದ ಭೂಮಿಯ ವಿಷಯ ಹೇಳುತ್ತದೆ. ಒಂದು ಕ್ಷಣ ಯೋಚಿಸಿ: ಆ ಶಾಸನ ಕಂಡರಿಸಿದ ದಿನ ಊರಿನಲ್ಲಿ ಹೊಲವಿತ್ತು, ಕೆರೆಯಿತ್ತು, ಒಲೆಯಿತ್ತು, ಒರಳಿತ್ತು. ಮೆಣಸಿನಕಾಯಿ ಒಂದೂ ಇರಲಿಲ್ಲ. ಗುಡಗೇರಿಯಲ್ಲಷ್ಟೇ ಏಕೆ, ಇಡೀ ಏಷ್ಯಾ ಖಂಡದಲ್ಲೇ ಇರಲಿಲ್ಲ.

ಹಾಗೆಂದು ಆಗಿನವರ ಊಟ ಸಪ್ಪೆಯಾಗಿತ್ತೆಂದು ತಿಳಿಯಬೇಕಾಗಿಲ್ಲ. ಆ ಶಾಸನಕ್ಕಿಂತ ಐವತ್ತು ವರ್ಷ ಮೊದಲು, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ ಎಂಬ ಕನ್ನಡ ಗ್ರಂಥದಲ್ಲಿ ಗಿಡಮರಗಳ ಆರೈಕೆಯ ವೃಕ್ಷಾಯುರ್ವೇದವೂ ಅಡುಗೆಯ ಸೂಪಶಾಸ್ತ್ರವೂ ಒಂದೇ ಹೊತ್ತಗೆಯೊಳಗೆ ಜಾಗ ಪಡೆದಿವೆ. ತೋಟವೂ ಅಡುಗೆಮನೆಯೂ ಒಂದೇ ವಿದ್ಯೆಯ ಎರಡು ಕೊನೆಗಳೆಂಬ ತಿಳಿವಳಿಕೆ ಅಂದಿನದು. ಮುಂದೆ 1130ರ ಸುಮಾರಿಗೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಅರಮನೆಯ ಊಟವನ್ನು ವಿವರಿಸಿತು. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದು ಬದನೆ, ಹಲಸು, ಬಾಳೆ, ಬಿದಿರಿನ ಕಳಲೆಗಳ ಪಾಕ ಹೇಳಿದ. ಈ ಕಾಲದ ಅಡುಗೆಗೆ ಖಾರ ಬರುತ್ತಿದ್ದುದು ಮೆಣಸು, ಸಾಸಿವೆ, ಶುಂಠಿಗಳಿಂದ.

ಕಾಯಿ ಕೆಡದಂತೆ ಇಡುವ ಕಲೆಯೂ ಹೊಸದಲ್ಲ. ಆಹಾರದ ಇತಿಹಾಸ ಬರೆದ ಕೆ.ಟಿ. ಅಚ್ಚಯ್ಯನವರು 1594ರ ಗುರುಲಿಂಗ ದೇಶಿಕನ ‘ಲಿಂಗಪುರಾಣ’ದಲ್ಲಿ ಐವತ್ತು ಬಗೆಯ ಉಪ್ಪಿನಕಾಯಿಗಳ ಪ್ರಸ್ತಾಪವಿದೆಯೆಂದು ಗುರುತಿಸಿದ್ದಾರೆ. ‘ಉಪ್ಪಿನಕಾಯಿ’ ಎಂಬ ಹೆಸರನ್ನೇ ನೋಡಿ. ಅದರಲ್ಲಿ ಉಪ್ಪಿದೆ, ಕಾಯಿಯಿದೆ. ಖಾರದ ಸುದ್ದಿಯೇ ಇಲ್ಲ. ಭರಣಿ ಮೊದಲೇ ಸಿದ್ಧವಾಗಿತ್ತು. ಮೆಣಸಿನಕಾಯಿ ಆಮೇಲೆ ಬಂದು ಅದರೊಳಗೆ ಕುಳಿತಿತು.

ಹಡಗಿನಲ್ಲಿ ಬಂದ ನೆಂಟ

1492ರಲ್ಲಿ ಕೊಲಂಬಸ್ ಹೊರಟಿದ್ದೇ ನಮ್ಮ ಕಡೆಯ ಸಾಂಬಾರ ಪದಾರ್ಥಗಳನ್ನು ಹುಡುಕಿಕೊಂಡು. ಅವನು ಮುಟ್ಟಿದ್ದು ಅಮೆರಿಕದ ದ್ವೀಪಗಳನ್ನು, ಕಂಡದ್ದು ಮೆಣಸಿನಕಾಯಿಯನ್ನು. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. ಅವರ ಹಡಗುಗಳು ನಮ್ಮ ಕರಾವಳಿಯಿಂದ ಮೆಣಸು ತುಂಬಿಕೊಂಡು ಹೋಗುತ್ತಿದ್ದವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ‘ಮೆಣಸಿನ ರಾಣಿ’ ಎಂದೇ ಕರೆದರು. ಮೆಣಸು ಒಯ್ದ ಅದೇ ಪೋರ್ಚುಗೀಸರ ಕೈಯಲ್ಲಿ ಮೆಣಸಿನಕಾಯಿ ಈ ದಡಕ್ಕೆ ಬಂದು ಇಳಿಯಿತು.

ಹೊಸ ನೆಂಟನಿಗೆ ಕನ್ನಡಿಗರು ಹೊಸ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ. ಮೆಣಸಿನಂತೆ ಖಾರ, ನೋಡಲು ಕಾಯಿ: ಆದ್ದರಿಂದ ಮೆಣಸಿನಕಾಯಿ. ಹೆಸರಿನ ಜೊತೆಗೆ ಅಡುಗೆಯಲ್ಲಿ ಮೆಣಸಿನ ಸ್ಥಾನವನ್ನೂ ಅದು ಪಡೆಯಿತು. ಇದಕ್ಕೆ ಕಾರಣ ಸರಳ. ಮೆಣಸು ಮಳೆಕಾಡಿನ ಬಳ್ಳಿ. ಎರೆನೆಲದ ಬಯಲಿನಲ್ಲಿ ಬೆಳೆಯದು. ಬಯಲುಸೀಮೆಯವರು ಅದನ್ನು ಘಟ್ಟದ ಕಡೆಯಿಂದ ದುಡ್ಡು ಕೊಟ್ಟು ತರಿಸಬೇಕಿತ್ತು. ಮೆಣಸಿನಕಾಯಿಯಾದರೋ ಹಿತ್ತಲಿನ ನಾಲ್ಕು ಗಿಡಗಳಲ್ಲಿ ಮನೆಗೆ ಸಾಕಾಗುವಷ್ಟು ಸಿಕ್ಕಿತು. ಒಣಗಿಸಿಟ್ಟರೆ ವರ್ಷ ಬಾಳಿತು. ಬೀಜ ಎತ್ತಿಟ್ಟರೆ ಮರುವರ್ಷಕ್ಕೂ ಆಯಿತು. ಬಡವನ ರೊಟ್ಟಿಗೂ ಖಾರ ಸಿಕ್ಕಿತು. ಇಂದು ಧಾರವಾಡದ ಕಡೆ ‘ಖಾರ’ ಎಂದರೆ ಬರಿಯ ರುಚಿಯ ಹೆಸರಾಗಿ ಉಳಿದಿಲ್ಲ, ಮೆಣಸಿನಕಾಯಿಯ ಪುಡಿಗೂ ಚಟ್ನಿಗೂ ಅದೇ ಹೆಸರು.

ಭರಣಿಯೊಳಗೆ ನಡೆಯುವುದೇನು?

ರಂಜಕ ಮಾಡುವ ಕ್ರಮ ಮನೆಯಿಂದ ಮನೆಗೆ ಬೇರೆ. ಮೂಲ ಮಾತ್ರ ಒಂದೇ. ಕೆಂಪು ಹಣ್ಣನ್ನು ತೊಳೆದು, ನೀರಿನ ಪಸೆ ಇಲ್ಲದಂತೆ ಒರೆಸಿ, ನೆರಳಲ್ಲಿ ಆರಹಾಕಿ, ಆಮೇಲೆ ತೊಟ್ಟು ತೆಗೆಯಬೇಕು. ತೊಟ್ಟು ಮೊದಲೇ ತೆಗೆದರೆ ತೊಳೆಯುವಾಗ ನೀರು ಒಳಗೆ ಇಳಿಯುತ್ತದೆ. ಉಪ್ಪು ಸೇರಿಸಿ ಒರಳಲ್ಲಿ ಕುಟ್ಟಿ ಒಂದೆರಡು ದಿನ ಮುಚ್ಚಿಡಬೇಕು. ನಂತರ ಲಿಂಬಿಯ ರಸ ಅಥವಾ ಹುಣಸೆ, ಹುರಿದ ಮೆಂತ್ಯದ ಪುಡಿ, ಇಂಗು, ಬೇಕಾದವರಿಗೆ ಬೆಳ್ಳುಳ್ಳಿ. ಮೇಲೆ ಎಣ್ಣೆ.

ಇದರಲ್ಲಿ ಒಂದೊಂದಕ್ಕೂ ಕೆಲಸವಿದೆ. ಉಪ್ಪು ಹಣ್ಣಿನೊಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಕೊಳೆಸುವ ಜೀವಿಗಳಿಗೆ ಬದುಕಲು ನೀರೇ ದಕ್ಕದಂತೆ ಮಾಡುತ್ತದೆ. ಉಪ್ಪನ್ನು ತಾಳಿಕೊಳ್ಳುವ ಕೆಲವು ಸೂಕ್ಷ್ಮಜೀವಿಗಳು ಹಾಲನ್ನು ಮೊಸರು ಮಾಡುವ ಬಗೆಯವೇ. ಅವು ಮುಚ್ಚಿಟ್ಟ ಒಂದೆರಡು ದಿನದಲ್ಲಿ ಹುಳಿ ಹುಟ್ಟಿಸುತ್ತವೆ. ಲಿಂಬಿಯ ಸಿಟ್ರಿಕ್ ಆಮ್ಲ, ಹುಣಸೆಯ ಟಾರ್ಟಾರಿಕ್ ಆಮ್ಲ ಆ ಹುಳಿಯನ್ನು ಬಲಪಡಿಸುತ್ತವೆ. ಎಣ್ಣೆಯ ಪದರು ಗಾಳಿಯನ್ನು ತಡೆದು ಬೂಷ್ಟು ಕಟ್ಟದಂತೆ ನೋಡಿಕೊಳ್ಳುತ್ತದೆ. ಒಣ ಕೈ, ಒಣ ಸೌಟು ಎಂಬ ಅಜ್ಜಿಯರ ಕಟ್ಟುಪಾಡಿನ ಹಿಂದೆ ಇರುವುದು ಇದೇ ಲೆಕ್ಕ. ಮುಟ್ಟಾದವರು ಭರಣಿ ಮುಟ್ಟಬಾರದೆಂಬ ನಿಯಮಕ್ಕೆ ಮಾತ್ರ ಇಂಥ ಯಾವ ಆಧಾರವೂ ಇಲ್ಲ. ಕೆಡಿಸುವುದು ತೇವ, ಹೆಣ್ಣಿನ ಕೈಯಲ್ಲ.

ಮೆಣಸಿನಕಾಯಿ ವಿಜ್ಞಾನಕ್ಕೂ ಒಂದು ಉಪಕಾರ ಮಾಡಿದೆ. ಹಂಗೇರಿಯ ಸೆಗೆಡ್ ಎಂಬ ಊರು ನಮ್ಮ ಬ್ಯಾಡಗಿಯಂತೆಯೇ ಕೆಂಪು, ಕಡಿಮೆ ಖಾರದ ಪಾಪ್ರಿಕಾಕ್ಕೆ ಹೆಸರಾದದ್ದು. ಅಲ್ಲಿ 1930ರ ದಶಕದ ಆರಂಭದಲ್ಲಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಎಂಬ ವಿಜ್ಞಾನಿ ‘ಸಿ’ ಜೀವಸತ್ವವನ್ನು ಹೇರಳವಾಗಿ ಬೇರ್ಪಡಿಸಿದ್ದು ಈ ಹಣ್ಣಿನಿಂದಲೇ. 1937ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಒಣಗಿದರೆ ಈ ಸತ್ವ ಬಹುಪಾಲು ಕಳೆದುಹೋಗುತ್ತದೆ. ಹಸಿಯಾಗಿಯೇ ಕುಟ್ಟಿ ಇಡುವ ರಂಜಕಕ್ಕೆ ಹೀಗಾಗಿ ಇನ್ನೊಂದು ಬೆಲೆಯಿದೆ.

ಒಂದು ಭರಣಿಯಲ್ಲಿ ಎಷ್ಟು ದಾರಿಗಳು ಕೂಡಿವೆ! ಉಪ್ಪು ಕರಾವಳಿಯದು, ರೈಲು ಬರುವ ಮೊದಲು ಲಂಬಾಣಿಗರ ಹೇರೆತ್ತುಗಳು ಘಟ್ಟ ಹತ್ತಿಸಿ ತರುತ್ತಿದ್ದದ್ದು. ಕುಸುಬೆಯ ಎಣ್ಣೆ ಇದೇ ಎರೆನೆಲದ ಹಿಂಗಾರಿಯದು. ಇಂದು ಅದರ ಜಾಗಕ್ಕೆ ಬಂದಿರುವ ಶೇಂಗಾದ ಎಣ್ಣೆಯ ಮೂಲ, ಮೆಣಸಿನಕಾಯಿಯ ಮೂಲದಂತೆಯೇ, ಅಮೆರಿಕ.

ಊರಿನ ಹೆಸರು, ಪೇಟೆಯ ಹೆಸರು

ಗುಡಗೇರಿಯಲ್ಲಿ ರೈಲು ನಿಲ್ದಾಣವಿದೆ. ಹುಬ್ಬಳ್ಳಿಯಿಂದ ಕುಂದಗೋಳ, ಸಂಶಿ ದಾಟಿ ಇಲ್ಲಿಗೆ ಬರುವ ಹಳಿ ಮುಂದೆ ಹಾವೇರಿ, ಬ್ಯಾಡಗಿಗಳತ್ತ ಸಾಗುತ್ತದೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ ದಾರಿ ಇದು. ಬೆಳೆದದ್ದು ಹಲವು ತಾಲ್ಲೂಕುಗಳಲ್ಲಿ. ಹೆಸರಾದದ್ದು ಮಾರಾಟವಾದ ಪೇಟೆಯಿಂದ. ಹಾಗಾಗಿ ಕುಂದಗೋಳದ ಹೊಲದ ಕಾಯಿಯೂ ಲೋಕಕ್ಕೆ ‘ಬ್ಯಾಡಗಿ ಮೆಣಸಿನಕಾಯಿ’. ಗಿಡ್ಡನೆಯ ಡುಬ್ಬ ಕಾಯಿ ‘ಡಬ್ಬಿ’, ಉದ್ದನೆಯ ತೆಳು ಕಾಯಿ ‘ಕಡ್ಡಿ’. ಎರಡಕ್ಕೂ ಕಡುಗೆಂಪು ಬಣ್ಣ, ನೆರಿಗೆ ಬಿದ್ದ ಸಿಪ್ಪೆ, ಮಿತವಾದ ಖಾರ. ಇದರಿಂದ ತೆಗೆದ ಬಣ್ಣ ತಿಂಡಿಗಳಿಗೂ ತುಟಿಯ ರಂಗಿಗೂ ಬಳಕೆಯಾಗುತ್ತದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಮಾನ್ಯತೆ ಬಂದರೂ ಪೇಟೆಯ ಏರಿಳಿತ ತಪ್ಪಲಿಲ್ಲ. 2024ರ ಮಾರ್ಚ್‌ನಲ್ಲಿ ಬೆಲೆ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ಬೆಳೆಗಾರರ ಸಿಟ್ಟು ಸಿಡಿದು ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ಓದುಗರು ಮರೆತಿರಲಾರರು. ಹೊಲದ ಕಷ್ಟಗಳೂ ಕಡಿಮೆಯಲ್ಲ. ಚಿತ್ತಿ, ಸ್ವಾತಿ ಮಳೆ ಹೆಚ್ಚಾದರೆ ಹೂ ಉದುರುತ್ತದೆ, ಹಣ್ಣು ಕೊಳೆಯುತ್ತದೆ. ಬಾರದೇ ಹೋದರೆ ಕಾಯಿ ಸೊರಗುತ್ತದೆ. ನುಶಿಯಿಂದ ಬರುವ ಎಲೆ ಮುಟುರು ರೋಗ ಬೇರೆ. ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಮೂರನ್ನೂ ಒಂದೇ ಹೊಲದಲ್ಲಿ ಹಾಕಿ, ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂಬ ಹಿರಿಯರ ಜಾಣತನ ಹುಟ್ಟಿದ್ದು ಇಂಥ ಕಷ್ಟದಿಂದಲೇ.

ಎತ್ತಿಟ್ಟ ಬೀಜ

ಶರತ್ಕಾಲದಲ್ಲಿ ಮನೆಯವರು ಎತ್ತಿಡುತ್ತಿದ್ದುದು ಎರಡು. ಒಂದು ಭರಣಿಗೆ, ಇನ್ನೊಂದು ಬೀಜಕ್ಕೆ. ನಡುವಿನ ಕೊಯ್ಲಿನಲ್ಲಿ ರೋಗ ತಟ್ಟದ ಗಿಡ ನೋಡಿ, ಬಣ್ಣ ತುಂಬಿದ ಹಣ್ಣು ಆರಿಸಿ, ಒಣಗಿಸಿ, ಬೂದಿಯೊಡನೆ ಗಡಿಗೆಯಲ್ಲಿಡುತ್ತಿದ್ದರು. ಯಾವ ಹಣ್ಣು ರಂಜಕಕ್ಕೆ, ಯಾವುದು ಖಾರದ ಪುಡಿಗೆ, ಯಾವುದು ಬೀಜಕ್ಕೆ ಎಂದು ಬೇರ್ಪಡಿಸುತ್ತಿದ್ದ ಕೈಗಳು ಹೆಚ್ಚಾಗಿ ಹೆಂಗಸರವು. ಅಮೆರಿಕದಿಂದ ಬಂದ ಒಂದು ಗಿಡ ನಮ್ಮ ನೆಲದ ಡಬ್ಬಿ, ಕಡ್ಡಿಗಳಾಗಿ ಮಾರ್ಪಟ್ಟದ್ದು ತಲೆಮಾರುಗಳ ಈ ಆಯ್ಕೆಯಿಂದ. ಅದನ್ನು ಮಾಡಿದವರ ಹೆಸರು ಯಾವ ಶಾಸನದಲ್ಲೂ ಇಲ್ಲ.

ಇಂದು ಅಂಗಡಿಯ ಸಂಕರ ಬೀಜದ ಪೊಟ್ಟಣ ಹೊಲಕ್ಕೆ ಬಂದಿದೆ. ಇಳುವರಿ ಹೆಚ್ಚೆಂದು ಅದನ್ನು ಕೊಳ್ಳುವ ರೈತನನ್ನು ತಪ್ಪೆನ್ನಲಾಗದು. ಅವನ ಸಾಲಕ್ಕೆ ನಾವು ಹೊಣೆಯಲ್ಲ. ಆದರೆ ಸಂಕರ ಗಿಡದ ಬೀಜ ಎತ್ತಿಟ್ಟರೆ ಮರುವರ್ಷ ಅದೇ ಗುಣ ಬಾರದು. ಇನ್ನೊಂದು ತೊಡಕೂ ಇದೆ. ಮೆಣಸಿನಕಾಯಿಯ ಹೂವಿಗೆ ಪಕ್ಕದ ಹೊಲದ ಪರಾಗ ಸುಲಭವಾಗಿ ತಗಲುತ್ತದೆ. ನೆರೆಯವನು ಬೇರೆ ತಳಿ ಹಾಕಿದರೆ ನಮ್ಮ ಡಬ್ಬಿಯ ಬೀಜವೂ ಬೆರಕೆಯಾಗುತ್ತದೆ. ಹೀಗಾಗಿ ಹಳೆಯ ತಳಿಯನ್ನು ಒಬ್ಬರೇ ಉಳಿಸಿಕೊಳ್ಳಲಾರರು. ಊರು ಮನಸ್ಸು ಮಾಡಬೇಕು. ಮನೆಯಲ್ಲಿಟ್ಟ ಬೀಜದ ಮೊಳಕೆಯ ಶಕ್ತಿ ಒಂದೆರಡು ವರ್ಷಗಳಲ್ಲಿ ಕುಂದುವುದರಿಂದ ನಾಳೆ ನೋಡೋಣ ಎನ್ನುವಂತೆಯೂ ಇಲ್ಲ.

ಹಾಗಾದರೆ ಆಸೆಯೇ ಇಲ್ಲವೆ? ಇದೆ, ಅದೂ ಹಿತ್ತಲಲ್ಲೇ ಇದೆ. ಹೊಲದಲ್ಲಿ ಪೇಟೆಗೆ ಬೇಕಾದದ್ದನ್ನು ಬೆಳೆದರೂ ಮನೆಯ ಊಟಕ್ಕೆಂದು ಹಳೆಯ ತಳಿಯ ಹತ್ತು ಅಗಿ ಹಚ್ಚುವವರು ಇದ್ದಾರೆ. ರಂಜಕಕ್ಕೆ ಅದೇ ಬಣ್ಣ, ಅದೇ ಹದದ ಖಾರ ಬೇಕು ಎಂಬ ನಾಲಗೆಯ ಹಟವೇ ಆ ಬೀಜವನ್ನು ಕಾಯುತ್ತಿದೆ. ಭರಣಿ ತುಂಬುವ ರೂಢಿ ನಿಂತ ಮನೆಯಲ್ಲಿ ಆ ಹತ್ತು ಗಿಡಗಳಿಗೂ ಕಾರಣ ಉಳಿಯುವುದಿಲ್ಲ.

ಆದ್ದರಿಂದ ಈ ಕಾರ್ತೀಕದಲ್ಲಿ ಸಂತೆಯಿಂದ ಕೆಂಪು ಹಣ್ಣು ತಂದು ರಂಜಕ ಕುಟ್ಟುವವರು, ಒಂದು ಮಾತು ವಿಚಾರಿಸುವುದು ಒಳ್ಳೆಯದು: ಇದು ಯಾವ ಬೀಜದ್ದು? ಉತ್ತರ ಗೊತ್ತಿರುವ ಮುದುಕಿಯೊಬ್ಬಳು ಇನ್ನೂ ಪ್ರತಿ ಊರಿನಲ್ಲೂ ಸಿಕ್ಕಾಳು. ಅವಳು ಬದುಕಿರುವಾಗಲೇ ಕೇಳಬೇಕು.